ಹ್ಞೂಂ ಅನ್ನುವ ತನಕ ಮುಂದಿನ ಚಮಚ ಇಲ್ಲ

ಆ ದಿನ ಬೆಳಗ್ಗೆ ಮಾಡಿದ ಕೆಲಸಗಳು ಇವು. ಅಂಗಳ ಗುಡಿಸಿ ನೀರು ಹೊಡೆದೆ. ನಳ ಬಂದಿತ್ತು, ಕೊಡ, ಬಕೀಟು ಎಲ್ಲ ತುಂಬಿಸಿಟ್ಟೆ. ಜೋಳದ ಹಿಟ್ಟು ಜರಡಿ ಹಿಡಿದೆ. ತೊಗರಿಬೇಳೆಯಲ್ಲಿ ಹುಳ ಕಂಡಿದ್ದವು, ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದೆ. ಅತ್ತೆಗೆ ಮೈ ತೊಳೆಸಿ, ತಲೆ ಬಾಚಿ, ತುರುಬು ಕಟ್ಟಿದೆ. ಅವರ ಅಂಬಲಿಯನ್ನು ಥರ್ಮಾಸಿಗೆ ಸುರಿದು ಬಿಗಿಯಾಗಿ ಮುಚ್ಚಿದೆ. ಫೋನನ್ನು ಚಾರ್ಜಿಗೆ ಹಚ್ಚಿದೆ. ಬಾಡಿಗೆ ಗಾಡಿ ಬಾಗಿಲಿಗೆ ಬಂದಾಗ ನಾನಿನ್ನೂ ಚಹಾ ಕುಡಿದಿರಲಿಲ್ಲ.

ಶಹಾಪುರದಿಂದ ಯಾದಗಿರಿಗೆ ಹೊರಟಿದ್ದೆವು. ಅತ್ತೆಯ ಮೂಗಿಗೆ ನಳಿಕೆ ಮತ್ತೆ ಹಾಕಬೇಕೋ ಬೇಡವೋ ಎಂದು ಡಾಕ್ಟರು ಆ ದಿನ ಹೇಳುವವರಿದ್ದರು.

ಅತ್ತೆಗೆ ದಸರೆಯ ಹೊತ್ತಿಗೆ ಲಕ್ವ ಹೊಡೆದಿತ್ತು. ಕೈಕಾಲು ನಿಧಾನಕ್ಕೆ ಹಾದಿಗೆ ಬಂದವು, ಮಾತು ತೊದಲುತ್ತ ಬಂತು, ಆದರೆ ನುಂಗುವುದು ಬರಲಿಲ್ಲ. ಒಂದು ಗುಟುಕು ನೀರು ಕೊಟ್ಟರೂ ಅದು ದಾರಿ ತಪ್ಪಿ ಎದೆಗೆ ಇಳಿಯುತ್ತಿತ್ತು. ಹಾಗಾಗಿ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದ್ದರು. ಅತ್ತೆ ಅದನ್ನು ಕಿತ್ತು ಹಾಕಿದರು. ಮತ್ತೆ ಹಾಕಿಸಿದೆವು, ಮತ್ತೆ ಕಿತ್ತರು. ಕಡೆಗೆ ನನ್ನದೇ ಹಳೆಯ ಸೀರೆ ಹರಿದು ಅವರ ಕೈಯನ್ನು ಮಂಚಕ್ಕೆ ಕಟ್ಟಬೇಕಾಯಿತು. ಕಟ್ಟುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಕಳ್ಳರ್ನ ಕಟ್ಟಿದಂಗ ಕಟ್ಟಾಕತ್ತೀಯಲ್ಲ ಬೇ," ಅಂದರು.

ನಾನು ಗಂಟು ಸಡಿಲ ಮಾಡಿದೆ, ಆದರೆ ಬಿಚ್ಚಲಿಲ್ಲ.

ಮುಂದೆ ಡಾಕ್ಟರು ನಳಿಕೆ ತೆಗೆದು ಸ್ವಲ್ಪ ದಿನ ನೋಡೋಣ ಎಂದರು. ಅಲ್ಲಿನ ಸಿಸ್ಟರ್ ನನಗೆ ಉಣಿಸುವುದನ್ನು ಕಲಿಸಿಕೊಟ್ಟರು. ನೆಟ್ಟಗೆ ಕೂಡಿಸಬೇಕು. ಅಂಬಲಿ ನೀರಿನಂತಿರಬಾರದು, ಚಮಚ ಓರೆ ಮಾಡಿದರೆ ನಿಧಾನಕ್ಕೆ ಜಾರುವಷ್ಟು ಗಟ್ಟಿ ಇರಬೇಕು. ಒಂದು ಚಮಚ, ಗದ್ದ ಕೆಳಗೆ ಮಾಡಿ ನುಂಗಿಸುವುದು, ಆಮೇಲೆ ಒಂದು ಸಲ "ಆ" ಅನ್ನಿಸುವುದು. ಧ್ವನಿ ಸ್ವಚ್ಛ ಬಂದರೆ ಗಂಟಲು ಖಾಲಿ ಎಂದು ತಿಳಿದು ಮುಂದಿನ ಚಮಚ. ನೀರಲ್ಲಿ ಮಾತಾಡಿದಂತೆ ಗುಳುಗುಳು ಬಂದರೆ ನಿಲ್ಲಿಸಬೇಕು. ಕೆಮ್ಮು, ಜ್ವರ ಬಂದರೆ ಮತ್ತೆ ನಳಿಕೆಯೇ.

ಕಲಿತುಕೊಂಡು ಬಂದವಳು ನಾನು. "ಆ" ಅನ್ನಬೇಕಾದವರು ಅತ್ತೆ.

"ಯವ್ವಾ, ಆ ಅನ್ರಿ."

"ಯಾಕ? ನಾನೇನು ಹಲ್ಲು ಬರಲಾರದ ಕೂಸೇನು?"

ಅಷ್ಟು ಹೇಳಿ ಬಾಯಿ ಮುಚ್ಚಿಬಿಡುತ್ತಿದ್ದರು. ಯಜಮಾನರು ಹೇಳಿ ನೋಡಿದರು. ಅವರಿಗೆ ಕಾಲುವೆ ಇಲಾಖೆಯಲ್ಲಿ ನೌಕರಿ. ನೀರು ಬಿಟ್ಟ ದಿನಗಳಲ್ಲಿ ಊರೂರಿನ ರೈತರನ್ನು ಸಮಾಧಾನ ಮಾಡುವ ಮನುಷ್ಯ, ಹೆತ್ತ ತಾಯಿಯಿಂದ ಒಂದು "ಆ" ಹೊರಡಿಸಲಾಗಲಿಲ್ಲ. ಒಂದೊಂದು ಊಟಕ್ಕೆ ಅರ್ಧ ಬಟ್ಟಲು ಕೂಡ ಖಾಲಿಯಾಗುತ್ತಿರಲಿಲ್ಲ. ಕುಪ್ಪಸ ಅವರ ಮೈಮೇಲೆ ಜೋತಾಡತೊಡಗಿತು.

ಈ ನಡುವೆ ನನ್ನ ಮಗಳು ಬಂದಳು. ಅವಳು ಸುರಪುರದಲ್ಲಿ ಶಾಲೆ ಕಲಿಸುತ್ತಾಳೆ, ರವಿವಾರಕ್ಕೊಮ್ಮೆ ಬರುತ್ತಾಳೆ. ನನ್ನ ಮುಖ ನೋಡಿ ಫೋನಿನಲ್ಲಿ ಪುಸ್ತಕ ಓದಿ ಹೇಳುವ ಆ್ಯಪ್ ಹಾಕಿಕೊಟ್ಟಳು. "ಅಡಗಿ ಮಾಡ್ಕೋತ ಕೇಳು ಅವ್ವಾ. ಒಬ್ಬಾಕಿನ ಯಾಕ ಚಿಂತಿ ಮಾಡ್ಕೋತ ಕೂಡ್ತಿ," ಅಂದಳು. ನಾನು ಮೊದಲಿನಿಂದಲೂ ಗ್ರಂಥಾಲಯದ ಪುಸ್ತಕ ತಂದು ಓದುವವಳು. ಆಗ ಕೈಗೆ ಬಿಡುವೇ ಇರಲಿಲ್ಲ. ಕಿವಿಗೆ ಇತ್ತು. ಮರುದಿನ ಬೆಳಗ್ಗೆ ರೊಟ್ಟಿ ಬಡಿಯುತ್ತ ಒಂದು ಕಾದಂಬರಿ ಹಚ್ಚಿದೆ. ರೊಟ್ಟಿಯ ಸಪ್ಪಳ ಮೀರಿ ಕೇಳಲಿ ಎಂದು ಧ್ವನಿ ಜೋರು ಮಾಡಿದ್ದೆ.

ನಡುಮನೆಯಿಂದ ಸಣ್ಣದೊಂದು ಸದ್ದು ಬಂತು. "ಹ್ಞೂಂ."

ಕೈ ನಿಲ್ಲಿಸಿದೆ. ಫೋನು ಮುಂದಿನ ವಾಕ್ಯ ಓದಿತು. ಮತ್ತೆ, "ಹ್ಞೂಂ."

ನಮ್ಮ ಕಡೆ ಕಥೆ ಹೇಳುವವರ ಎದುರು ಸುಮ್ಮನೆ ಕೂಡುವಂತಿಲ್ಲ. ಒಂದೊಂದು ಮಾತಿಗೂ ಯಾರಾದರೊಬ್ಬರು ಹೂಂಗುಟ್ಟಬೇಕು. ಇಲ್ಲದಿದ್ದರೆ ಹೇಳುವವರು ಅಲ್ಲಿಗೇ ನಿಲ್ಲಿಸಿ, ಎಲ್ಲರೂ ಮಲಗಿದಿರೇನು ಎಂದು ಕೇಳುತ್ತಾರೆ. ಅತ್ತೆಯ ತವರು ಕೆಂಭಾವಿ ಕಡೆ. ಕಾಲುವೆ ಬರುವ ಮೊದಲು, ಹೆಂಗಸರು ಗುಂಪಾಗಿ ಕೂತು ಶೇಂಗಾ ಸುಲಿಯುವಾಗ ಕಥೆ ನಡೆಯುತ್ತಿತ್ತಂತೆ, ಹೂಂಗುಟ್ಟುವ ಕೆಲಸ ಹುಡುಗಿಯಾಗಿದ್ದ ಅತ್ತೆಯದಂತೆ. ಆ ಅಭ್ಯಾಸ ಅವರ ಗಂಟಲಿನಲ್ಲಿ ಇನ್ನೂ ಇತ್ತು. "ಆ" ಅನ್ನಲು ಒಲ್ಲದವರು ಕಥೆ ಕೇಳಿಸಿದರೆ ಹ್ಞೂಂ ಅನ್ನದೆ ಇರಲಾರರು.

ಅಂದಿನ ಊಟಕ್ಕೆ ಫೋನನ್ನು ಅವರ ಪಕ್ಕ ಇಟ್ಟೆ. ಒಂದು ಚಮಚ ಕೊಟ್ಟು ವಾಕ್ಯ ಹಚ್ಚುವುದು, ಹೆಬ್ಬೆರಳಿನಿಂದ ನಿಲ್ಲಿಸುವುದು, ಹ್ಞೂಂಗೆ ಕಾಯುವುದು. ಬಂತು, ಸ್ವಚ್ಛವಾಗಿ ಬಂತು. ಮೊದಮೊದಲು ನಾನು ನಿಲ್ಲಿಸುವುದು ತಡವಾದರೆ ಓದುವವನು ಮುಂದೆ ಓಡಿಬಿಡುತ್ತಿದ್ದ. ಅತ್ತೆಗೆ ಸಿಟ್ಟು ಬರುತ್ತಿತ್ತು.

"ಯಾವ ಬಸ್ಸಿಗೆ ಹೋಗ್ಬೇಕಾಗ್ಯಾದ ಅಂವಗ? ಹ್ಞೂಂ ಅನ್ನೂತನ ನಿಂದ್ರಂತ ಹೇಳು."

ಓದುವ ವೇಗ ಕಡಿಮೆ ಮಾಡುವ ಗುಂಡಿ ಇದೆ ಎಂದು ಮಗಳು ಫೋನಿನಲ್ಲಿ ಹೇಳಿಕೊಟ್ಟಳು. ನಿಧಾನ ಮಾಡಿದರೆ ಓದುವವನು ಶೇಂದಿ ಕುಡಿದವನಂತೆ ಎಳೆಯುತ್ತಿದ್ದ. ಅತ್ತೆಗೆ ಅದೇ ಸೇರಿತು.

ಎಲ್ಲ ಪುಸ್ತಕವೂ ಒಂದೇ ಎಂದು ತಿಳಿದದ್ದು ನನ್ನ ತಪ್ಪು. ಆ ಕಾದಂಬರಿ ಮುಗಿದ ಮೇಲೆ ಒಂದು ಪತ್ತೇದಾರಿ ಹಚ್ಚಿದೆ. ಅಡುಗೆಮನೆಯಲ್ಲಿ ನನಗೆ ಪತ್ತೇದಾರಿ ಬಹಳ ಸೇರುತ್ತದೆ. ಉಳ್ಳಾಗಡ್ಡಿ ಹೆಚ್ಚುವಾಗ, ಹಿಟ್ಟು ನಾದುವಾಗ ಕೈ ತಾನೇ ಜೋರಾಗುತ್ತದೆ. ಉಪ್ಪು ಹಾಕುವಾಗ ಮಾತ್ರ ಬೇಡ, ಒಮ್ಮೆ ಬೇಳೆಗೆ ಎರಡು ಸಲ ಹಾಕಿದ್ದೆ. ಆದರೆ ಉಣ್ಣುವಾಗ ಅದು ಬೇರೆ. ಕತ್ತಲ ಕೋಣೆಯ ಬಾಗಿಲು ಕಿರ್ರ್ ಎಂದಿತು, ಓದುವವಳು ಧ್ವನಿ ಇಳಿಸಿದಳು. ಅತ್ತೆ ಉಸಿರು ಹಿಡಿದರು. ಅಂಬಲಿ ಬಾಯಲ್ಲೇ ಉಳಿಯಿತು. ಹ್ಞೂಂ ಇಲ್ಲ. ಕೊಲೆಗಾರ ಹೊರಗೆ ಬಂದ ಕೂಡಲೇ ಅವರು ಹಾ ಎಂದು ಉಸಿರೆಳೆದುಕೊಂಡರು, ಅಂಬಲಿಯೂ ಅದರ ಜೊತೆ ಹೋಯಿತು. ಕೆಮ್ಮು ಹತ್ತಿ ಮುಖ ಕಪ್ಪಿಟ್ಟಿತು. ಮುಂದಕ್ಕೆ ಬಗ್ಗಿಸಿ ಬೆನ್ನು ನೀವಿದೆ. ಸಂಜೆಗೆ ಮೈ ಬೆಚ್ಚಗಾಯಿತು.

ಸಿಸ್ಟರಿಗೆ ಫೋನ್ ಮಾಡಿದೆ.

"ಇನ್ನೊಮ್ಮಿ ಹಿಂಗಾತಂದ್ರ ಟ್ಯೂಬೇ ಗತಿ ನೋಡ್ರೆಕ್ಕಾ," ಎಂದು ಹೇಳಿ, ಗುಳಿಗೆಯ ಹೆಸರು ಬರೆಸಿ, ಯಾದಗಿರಿಗೆ ಬರಬೇಕಾದ ದಿನವನ್ನೂ ಹೇಳಿದರು.

ಜ್ವರ ಇಳಿಯಿತು. ಆದರೆ ಹರಿದ ಸೀರೆಯ ಪಟ್ಟಿಗಳು ಇನ್ನೂ ಮಂಚದ ಕಾಲಿಗೇ ಇದ್ದವು. ಅಂದಿನಿಂದ ಯಾವ ಪುಸ್ತಕವನ್ನೂ ಮೊದಲು ಬಾಯಿ ಖಾಲಿ ಇದ್ದಾಗ ಕೇಳಿಸಿ, ಅತ್ತೆಯ ಗಂಟಲು ನೋಡಿ, ಆಮೇಲೆ ಚಮಚ ಹಿಡಿಯುವುದು ಎಂದು ಗೊತ್ತು ಮಾಡಿಕೊಂಡೆ.

ಹಾಗೆ ನೋಡಿದ್ದರಿಂದ ಬದುಕಿಕೊಂಡೆವು. ನಗೆಬರಹ ಎಲ್ಲಕ್ಕಿಂತ ಕೆಟ್ಟದ್ದು. ನನಗೇನೋ ಬಹಳ ಪ್ರೀತಿ, ಓದುವವನು ನಮಗಿಂತ ಮೊದಲು ತಾನೇ ನಗದಿದ್ದರೆ ಇನ್ನೂ ಪ್ರೀತಿ. ಆದರೆ ಅತ್ತೆ ನಕ್ಕರೆ ಇಡೀ ಮೈ ಕುಲುಕಿ ನಗುತ್ತಾರೆ, ಬಾಯಲ್ಲಿ ಅಂಬಲಿ ಇದ್ದಿದ್ದರೆ ಏನು ಗತಿ! ನಗೆಯನ್ನು ಊಟ ಆಗಿ ಒಂದು ತಾಸಿನ ಮೇಲೆ ಇಟ್ಟುಕೊಂಡೆ. ದೆವ್ವದ ಕಥೆಗೆ ಅತ್ತೆ ಹೆದರಲಿಲ್ಲ. "ಖಾಲಿ ಮನ್ಯಾಗ ಇದ್ದು ಇದ್ದು ಏನ್ ಮಾಡ್ತಾದ ಅದು? ಕಸನಾರ ಹೊಡೀಬಾರದಾ?" ಅಂದರು. ನಡುನಡುವೆ ಬರುವ ಚೀರಾಟಕ್ಕೆ ಹೆದರಿದ್ದು ಬೆಕ್ಕು, ಮತ್ತು ನಾನು.

ಪುರಾಣದ ಪುಸ್ತಕ ಸುಲಭ ಆಗುತ್ತದೆ ಎಂದುಕೊಂಡಿದ್ದೆ. ಅದರಲ್ಲಿ ಬೇರೆ ಮೋಸ ಇತ್ತು. ಎಲ್ಲ ಗೊತ್ತಿದ್ದ ಕಥೆ, ವಾಕ್ಯ ಮುಗಿಯುವ ಮೊದಲೇ ಹ್ಞೂಂ ಬರುತ್ತಿತ್ತು, ಅದೂ ಮೂಗಿನಿಂದ. ಮೂಗಿನ ಹ್ಞೂಂ ಬಾಯಿ ತುಂಬಿದ್ದರೂ ಬರುತ್ತದೆ, ಅದನ್ನು ನಂಬುವ ಹಾಗಿಲ್ಲ. ರಾಜಮಹಾರಾಜರ ಇತಿಹಾಸವೂ ಆಗಲಿಲ್ಲ. ಇಸವಿಗಳು ಶುರುವಾದ ಕೂಡಲೇ ಅತ್ತೆ ತೂಕಡಿಸಿ ಗದ್ದ ಎದೆಗೆ ಬೀಳುತ್ತಿತ್ತು. ನನಗೆ ಆ ಇತಿಹಾಸ ಬಟ್ಟೆ ಮಡಚುವಾಗ ಬೇಕು, ಒಂದೆರಡು ರಾಜರು ತಪ್ಪಿಹೋದರೂ ನಷ್ಟ ಇಲ್ಲ.

ಜೀವನದಲ್ಲಿ ಮೇಲೆ ಬರುವುದು ಹೇಗೆ ಎಂದು ಹೇಳುವ ಪುಸ್ತಕವನ್ನು ಯಜಮಾನರು ಹಚ್ಚಿದ್ದರು. ನಸುಕಿನಲ್ಲಿ ಏಳಿ, ನೆನಪಿಡಿ, ನಸುಕಿನಲ್ಲಿ ಏಳಿ ಎಂದು ಅದು ಹೇಳಿದ್ದನ್ನೇ ಹೇಳುತ್ತಿತ್ತು. ಅತ್ತೆಯಿಂದ ಹ್ಞೂಂ ಹೊರಡಲೇ ಇಲ್ಲ.

"ಯಾಕಬೇ, ಸೇರ್ಲಿಲ್ಲೇನು?" ಎಂದು ಯಜಮಾನರು ಕೇಳಿದರು.

"ಏಳು ಏಳು ಅಂತಾನ, ಎದ್ದು ಏನ್ ಮಾಡಿದಂತ ಹೇಳವಲ್ಲ. ಕಥಿನ ಇಲ್ಲದ ಯಾತಕ್ಕ ಹ್ಞೂಂ ಅನ್ಲಿ?"

ರವಿವಾರ ಬಂದ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ. "ದೊಡ್ಡ ದೊಡ್ಡ ಪುಸ್ತಕಕ್ಕ ಅಂಬಲಿ ಮ್ಯಾಲ ಮಾರ್ಕ್ಸ್ ಕೊಡಾಕತ್ತೀರಲ್ಲ ಅತ್ತಿ ಸೊಸಿ!"

"ಆ ಮೊದಲಿಂದು ಬಿಟ್ರ ಪಾಸಾದದ್ದು ಇನ್ನೂ ಒಂದೂ ಇಲ್ಲ, ನೀನೇ ಹುಡುಕು," ಅಂದೆ.

ಅವಳು ಹುಡುಕಿ ಕೊಟ್ಟದ್ದು ಒಂದು ದೊಡ್ಡ ಮನೆತನದ ಕಾದಂಬರಿ. ಅಣ್ಣ ತಮ್ಮ ಬೇರೆಯಾಗುತ್ತಾರೆ, ಮನೆಯ ನಡುವೆ ಗೋಡೆ ಏಳುತ್ತದೆ, ಆದರೆ ಹಿತ್ತಲ ಬಾವಿ ಒಂದೇ. ಕೊಲೆ ಇಲ್ಲ, ದೆವ್ವ ಇಲ್ಲ. ಅಣ್ಣನ ಹೆಂಡತಿ ಹಪ್ಪಳ ಹಾಕುತ್ತಾಳೆ, ತಮ್ಮನ ಹೆಂಡತಿ ಗೋಡೆಯ ಆಚೆಯಿಂದ ವಾಸನೆ ಹಿಡಿಯುತ್ತಾಳೆ. ಪುಸ್ತಕದಲ್ಲಿ ಓದಿದ್ದರೆ ನಾನು ಬೇಸರಪಟ್ಟು ಹಾಳೆ ತಿರುವಿ ಹಾಕುತ್ತಿದ್ದೆ. ಕೇಳುವಾಗ ಅದರ ಗುಣ ತಿಳಿಯಿತು. ಓದುವ ಹೆಣ್ಣುಮಗಳಿಗೆ ಅವಸರವಿರಲಿಲ್ಲ, ಯಾರ ಹಾಗೂ ನಟಿಸದೆ, ಪಕ್ಕದ ಮನೆಯ ಸುದ್ದಿ ಹೇಳಿದಂತೆ ಓದುತ್ತಿದ್ದಳು. ಒಂದು ಚಮಚ, ಒಂದು ಮಾತು, ಗಂಟಲಿನಿಂದ ಒಂದು ಹ್ಞೂಂ. ಬಟ್ಟಲು ಖಾಲಿಯಾಗತೊಡಗಿತು. ಊಟ ಮುಗಿದ ಮೇಲೂ ಅತ್ತೆ ಆ ಇಬ್ಬರು ವಾರಗಿತ್ತಿಯರ ಬಗ್ಗೆ ಮಾತಾಡುತ್ತಿದ್ದರು. "ದೊಡ್ಡಾಕಿ ಮ್ಯಾಲ ಬಿರುಸು, ಒಳಗ ಮೆತ್ತಗ. ಸಣ್ಣಾಕಿ ನೋಡು, ನಿನ್ನಂಗ, ಮಾತಾಡಂಗಿಲ್ಲ, ಎಲ್ಲಾ ಹೊಟ್ಟ್ಯಾಗ ಇಟ್ಕೋತಾಳ."

ಹೀಗೆ ಆ ದಿನ ಬಂತು. ಆಸ್ಪತ್ರೆಯಲ್ಲಿ ಅತ್ತೆಯನ್ನು ಕುರ್ಚಿಯಲ್ಲಿ ಕೂಡಿಸಿದರು. ಡಾಕ್ಟರು ಅವರ ಗಂಟಲಿಗೆ ಸ್ಟೆಥಾಸ್ಕೋಪ್ ಹಿಡಿದರು. ಸಿಸ್ಟರ್ ಒಂದು ಚಮಚ ನೀರು ಕೊಟ್ಟರು, ಬರೀ ನೀರು. ಗಂಟಲು ಒಮ್ಮೆ ಮೇಲೆದ್ದು ಕೆಳಗಿಳಿಯಿತು.

"ಅಜ್ಜೀ, ಈಗ ಆ ಅನ್ರಿ."

ಅತ್ತೆ ಬಾಯಿ ಮುಚ್ಚಿ ಗೋಡೆ ನೋಡಿದರು.

"ಒಂದ್ಸಲ ಅನ್ರಿ ಅಜ್ಜಿ."

ಇಲ್ಲ. ಇನ್ನೊಂದು ಚಮಚ, ಮತ್ತೂ ಇಲ್ಲ. ಡಾಕ್ಟರು ನನ್ನ ಕಡೆ ತಿರುಗಿದರು. "ಧ್ವನಿ ಕೇಳಲಾರದ ನಾ ಹ್ಯಾಂಗ ಹೇಳ್ಲಿ? ಒಮ್ಮಿ ಜ್ವರ ಬೇರೆ ಬಂದದ. ಟ್ಯೂಬ್ ಹಾಕೋದೇ ಚಲೋ ಅನಸ್ತದ."

"ತಡೀರಿ ಸಾಹೇಬ್ರ," ಎಂದು ಚೀಲದಿಂದ ಫೋನ್ ತೆಗೆದೆ. ಅದು ಸತ್ತು ಮಲಗಿತ್ತು. ಬೆಳಗ್ಗೆ ವೈರು ಚುಚ್ಚಿದ್ದೆ, ಗೋಡೆಯ ಗುಂಡಿ ಒತ್ತಿರಲಿಲ್ಲ. ಯಜಮಾನರು ಚಾರ್ಜರ್ ಹುಡುಕಿಕೊಂಡು ಹೊರಗೆ ಓಡಿದರು. ಸಿಸ್ಟರ್ ಆಗಲೇ ಟ್ರೇ ಎಳೆದುಕೊಂಡಿದ್ದರು. ಅದರಲ್ಲಿದ್ದ ನಳಿಕೆಯನ್ನು ನೋಡಿ ಅತ್ತೆ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ನಾನು ಜೀವಮಾನದಲ್ಲಿ ಕಥೆ ಹೇಳಿದವಳಲ್ಲ, ಕೇಳಿದವಳು. ಆದರೂ ಅವರ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಸಿಸ್ಟರಿಗೆ ನೀರು ಕೊಡಲು ಕೈಸನ್ನೆ ಮಾಡಿದೆ. ಅತ್ತೆ ನುಂಗಿದರು.

"ಯವ್ವಾ, ದೊಡ್ಡಾಕಿ ಬಾವಿ ಕಟ್ಟಿಗೆ ಬಂದಳ್ರಿ," ಅಂದೆ.

ಅತ್ತೆ ನನ್ನ ಕಡೆ ಮುಖ ತಿರುಗಿಸಿದರು.

"ಬಗ್ಗಿ ನೋಡಿದಳ್ರಿ. ಸಣ್ಣಾಕಿ ಬಿಂದಿಗಿ ತಳದಾಗ ಕಾಣ್ತಿತ್ತು."

"ಹ್ಞೂಂ."

ಗಂಟಲಿನಿಂದ, ಸ್ವಚ್ಛ. ಡಾಕ್ಟರು ಸ್ಟೆಥಾಸ್ಕೋಪನ್ನು ಇನ್ನಷ್ಟು ಒತ್ತಿ ಹಿಡಿದರು. ಇನ್ನೊಂದು ಚಮಚ.

"ಹಗ್ಗಕ್ಕ ಕೊಕ್ಕಿ ಕಟ್ಟಿ ಇಳಿಬಿಟ್ಟಳ್ರಿ."

"ಹ್ಞೂಂ."

"ಬಿಂದಿಗಿ ಮ್ಯಾಲ ಬಂತ್ರಿ. ಅದನ್ನ ತಗೊಂಡು ಗ್ವಾಡಿ ಹತ್ರ ಹೋದಳ್ರಿ..."

"ತಡೀ," ಅಂದರು ಅತ್ತೆ. "ನಿನ್ನಿ ಬಿಂದಿಗಿ ಬಾವ್ಯಾಗ ಬಿದ್ದಲ್ಲೇ ಬಂದ್ ಮಾಡಿದ್ದಿ. ಮುಂದಿಂದು ನಿನಗ ಹ್ಯಾಂಗ ಗೊತ್ತಾತು? ನಾ ಮಲಗಿದಾಗ ಒಬ್ಬಾಕಿನ ಕೇಳೀದಿ, ಹೌದಿಲ್ಲೋ? ಅಡಗಿಮನ್ಯಾಗ ಕದ್ದು ಕೇಳೀದಿ!"

ನಿಜವೇ. ಹಿಂದಿನ ಸಂಜೆ ನನಗೆ ತಡೆಯಲಾಗಿರಲಿಲ್ಲ. ತಲೆ ತಗ್ಗಿಸಿದೆ. ಡಾಕ್ಟರು ನಕ್ಕು ಸ್ಟೆಥಾಸ್ಕೋಪನ್ನು ಕೊರಳಿಗೆ ಹಾಕಿಕೊಂಡರು.

"ನೀರು ಕುಡದು ಇಷ್ಟು ಸ್ವಚ್ಛ ಬೈತಾರಂದ್ರ ಟ್ಯೂಬ್ ಯಾತಕ್ಕ್ರೀ? ಒಯ್ಯಿರಿ ಮನಿಗೆ. ಗಟ್ಟಿ ಪದಾರ್ಥ ಸಾವಕಾಶ ಕೊಡ್ರಿ."

ಸಿಸ್ಟರ್ ಟ್ರೇಯನ್ನು ಹಿಂದಕ್ಕೆ ತಳ್ಳಿದರು. ನಾನು ಕುರ್ಚಿ ಹಿಡಿದುಕೊಂಡು ಎದ್ದೆ.

ದೋರನಹಳ್ಳಿ ದಾಟುವ ತನಕ ಅತ್ತೆ ನನಗೆ ಬೆನ್ನು ಮಾಡಿ ಹೊರಗೆ ನೋಡುತ್ತ ಕೂತರು. ರಸ್ತೆಯ ಎರಡೂ ಬದಿ ಭತ್ತದ ಗದ್ದೆಗಳಲ್ಲಿ ನೀರು ನಿಂತಿತ್ತು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದರು. "ಬಿಂದಿಗಿ ಕೊಟ್ಟಳೋ, ತಾನೇ ಇಟ್ಕೊಂಡಳೋ?"

"ಸಂಜಿಗಿ ಹಚ್ತೀನ್ರಿ, ನೀವೇ ಕೇಳ್ರಿ."

"ಈಗ ಹೇಳಿಬಿಡು," ಎಂದು ಯಜಮಾನರು ಮುಂದಿನ ಸೀಟಿನಿಂದ ಗೋಗರೆದರು, "ನನಗೂ ಕೇಳ್ಬೇಕಾಗ್ಯಾದ."

ಮನೆಗೆ ಬಂದು ಮೊದಲು ಮಂಚದ ಕಾಲಿನ ಪಟ್ಟಿಗಳನ್ನು ಬಿಚ್ಚಿದೆ. ಆಮೇಲೆ ಫೋನನ್ನು ಚಾರ್ಜಿಗೆ ಹಚ್ಚಿ, ಗೋಡೆಯ ಗುಂಡಿಯನ್ನೂ ಒತ್ತಿದೆ. ಸಂಜೆ ಅತ್ತೆ ಮಜ್ಜಿಗೆಯಲ್ಲಿ ಮೆತ್ತಗೆ ಕಲಸಿದ ಜೋಳದ ನುಚ್ಚು ಉಂಡರು, ಬಟ್ಟಲು ಪೂರ್ತಿ. ನುಣ್ಣಗೆ ಹಿಚುಕಿದ ಮೆಂತ್ಯಪಲ್ಯ ಸ್ವಲ್ಪ ನೆಂಚಿಕೊಂಡರು. ನಾವಿಬ್ಬರು ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡೆವು. ನಾನು ಒಂದು ರೊಟ್ಟಿ ಹೆಚ್ಚಿಗೇ ಉಂಡೆ. ಚಾಪೆಗೆ ಸುಮ್ಮನೆ ಬೆನ್ನು ಹಚ್ಚಿದ್ದಷ್ಟೇ ನೆನಪು. ಅತ್ತೆ, ಯಜಮಾನರು ಇನ್ನೂ ಬಿಂದಿಗೆಯ ಕಥೆ ಕೇಳುತ್ತ ಕೂತಿರುವಾಗಲೇ ನಾನು ಎಲ್ಲರಿಗಿಂತ ಮೊದಲು ಮಲಗಿಬಿಟ್ಟೆನಂತೆ.