ಹೊಗೆಯಿಲ್ಲದ ಸೇಫುದಿನ್

ಸುಹಿ ದೋಲ್ ಕಲ್ಲಿದ್ದಲು ಗಣಿಯಲ್ಲಿ ಸೇಫುದಿನ್‌ನಷ್ಟು ಜಂಬದ ಮನುಷ್ಯ ಇನ್ನೊಬ್ಬನಿರಲಿಲ್ಲ. ಜಂಬಕ್ಕೆ ಕಾರಣ ಹಣವಲ್ಲ, ರೂಪವಂತೂ ಅಲ್ಲವೇ ಅಲ್ಲ. ಅವನು ಓಡಿಸುವ ಉಗಿ ಇಂಜಿನ್ ಕಪ್ಪು ಹೊಗೆ ಬಿಡುತ್ತಿರಲಿಲ್ಲ, ಅಷ್ಟೇ. ಬೋಸ್ನಿಯಾದ ಆ ಕಂದು ಕಲ್ಲಿದ್ದಲು ಒಲೆಗೆ ಹಾಕಿದರೆ ಮನೆಮಂದಿಯನ್ನೆಲ್ಲ ಕೆಮ್ಮಿಸುವಂಥದ್ದು. ಅದನ್ನೇ ಇವನು ಸಲಿಕೆಯಿಂದ ಹಿಟ್ಟು ಉದುರಿಸಿದ ಹಾಗೆ ತೆಳುವಾಗಿ ಹರಡಿ, ಬೇಕಾದಷ್ಟು ಗಾಳಿ ಬಿಟ್ಟು, ಚಿಮಣಿಯಿಂದ ಬಿಳಿ ಉಗಿ ಮಾತ್ರ ಏಳುವಂತೆ ಮಾಡುತ್ತಿದ್ದ. ಕಪ್ಪು ಹೊಗೆ ಬಿಡುವ ಡ್ರೈವರುಗಳನ್ನು ಕಂಡರೆ, ಪ್ಯಾಂಟು ಮರೆತು ಬೀದಿಗೆ ಬಂದವರನ್ನು ಕಂಡಂತೆ ಮುಖ ತಿರುಗಿಸುತ್ತಿದ್ದ.

ಹಳಿಯ ಮಗ್ಗುಲಿಗೇ ಗಣಿಯವರ ಕಾಲನಿ, ಅಂಗಳ ಅಂಗಳಕ್ಕೂ ಬಟ್ಟೆ ಒಣಹಾಕುವ ಹಗ್ಗ. ಬೇರೆ ಇಂಜಿನ್ ಕೂಗಿದರೆ ಹೆಂಗಸರು ಬಟ್ಟೆ ಬಾಚಿಕೊಂಡು ಒಳಗೆ ಓಡುತ್ತಿದ್ದರು. ಸೇಫುದಿನ್‌ನ ಕೂಗು ಎರಡು ಗಿಡ್ಡ, ಒಂದು ಉದ್ದ. ಅದು ಕೇಳಿದರೆ, "ನಮ್ಮ ಸೇಫಣ್ಣ ಬಿಡು" ಎಂದು ಕಾಫಿ ಹೀರುತ್ತ ಕೂತಿರುತ್ತಿದ್ದರು. ಆ ಒಂದು ಮಾತು ಕಿವಿಗೆ ಬಿದ್ದ ದಿನ ಅವನಿಗೆ ಊಟವೂ ಬೇಡ. ಹೆಂಡತಿ ಹಾತ್ಕ ಮಾತ್ರ, "ಊರೋರ ಬಟ್ಟೆ ಕಾಯ್ತಾನೆ. ಮನೇಲಿ ಸಿಗರೇಟು ಬೂದಿ ಕಂಬಳಿ ಮೇಲೇ ಉದುರಿಸ್ತಾನೆ" ಎನ್ನುತ್ತಿದ್ದಳು.

ಡೀಸೆಲ್ ಬಂತು, ಉಳಿದ ಇಂಜಿನ್‌ಗಳೆಲ್ಲ ಗುಜರಿಗೆ ಹೋದವು. ಕ್ಯಾಮೆರಾ ಹೊತ್ತ ಪರದೇಶದವರು ಉಗಿ ಇಂಜಿನ್ನನ್ನೇ ಹುಡುಕಿಕೊಂಡು ಬರುತ್ತಿದ್ದರೆಂದು ಇವನದೊಂದು ಉಳಿಯಿತು. ಗಣಿಯ ಡೈರೆಕ್ಟರ್ ನಿಹಾದ್‌ಗೆ ಇದ್ದಕ್ಕಿದ್ದಂತೆ ಉಗಿ ಇಂಜಿನ್ನಿನ ಮೇಲೆ ಪ್ರೀತಿ ಉಕ್ಕಿತು. ಒಮ್ಮೆಯೂ ಅದನ್ನು ಹತ್ತದವನು ಈಗ ಡ್ರೈವರನ ಟೋಪಿ ಹಾಕಿಕೊಂಡು ಫೋಟೋಕ್ಕೆ ನಿಲ್ಲುತ್ತಿದ್ದ. ಒಂದು ಸಂಜೆ ಅವನು ಸೇಫುದಿನ್‌ನನ್ನು ಕರೆಸಿದ.

"ನಾಳೆ ಬರೋರಿಗೆ ಹೊಗೆ ಬೇಕಂತೆ ಸೇಫಣ್ಣ. ಕಪ್ಪು ಹೊಗೆ, ದಟ್ಟವಾಗಿ."

"ನಾನು ಬಿಡಲ್ಲ."

"ಹೋದ ಸಲದೋರು ಮುಖ ಊದಿಸ್ಕೊಂಡು ಹೋದ್ರು. ಫೋಟೋದಲ್ಲಿ ಇಂಜಿನ್ ಸತ್ತಂಗೆ ಕಾಣತ್ತಂತೆ."

"ನಾಡಿದ್ದು ಬೈರಾಮ್ ಹಬ್ಬ. ನಾಳೆ ಊರಿಗೆ ಊರೇ ಕಿಟಕಿ ಪರದೆ ಒಗೆದು ಹಾಕಿರತ್ತೆ."

"ಹಾಗಾದ್ರೆ ಇಂಜಿನ್ ಗುಜರಿಗೆ. ನೀನು ಗೇಟಲ್ಲಿ ಕೂತು ಬರೋ ಹೋಗೋರಿಗೆ ಸಲಾಂ ಹೊಡ್ಕೊಂಡಿರು."

ಹೆಂಗಸರಿಗೆ ಮೊದಲೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ "ನಾಳೆ ನಾನೂ ಕಪ್ಪು ಹೊಗೆ ಬಿಡ್ತೀನಿ" ಎಂದು ಹೇಳಲು ಇವನಿಗೆ ನಾಲಿಗೆಯೇ ಏಳಲಿಲ್ಲ. ಹಾತ್ಕಳಿಗೂ ಹೇಳಲಿಲ್ಲ. ಕಾಲನಿ ಹತ್ತಿರ ಬಂದಾಗ ಕೂಗು ಹಾಕಿದರಾಯಿತು, ಬಟ್ಟೆ ಎಳೆದುಕೊಳ್ಳುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮರುದಿನ ಗಾಳಿ ಕಾಲನಿಯ ಕಡೆಗೇ ಬೀಸುತ್ತಿತ್ತು. ತಿರುವಿಗೆ ಮುಂಚೆ ಸೇಫುದಿನ್ ಕೂಗು ಹಾಕಿದ, ಎರಡು ಗಿಡ್ಡ ಒಂದು ಉದ್ದ. ಯಾರೂ ಕದಲಲಿಲ್ಲ. ಮತ್ತೆ ಹಾಕಿದ. ಪಕ್ಕದ ಮನೆಯ ರುಕಿಯಾ ಕೈ ಬೀಸಿ ನಕ್ಕು, ಬುಟ್ಟಿಯಲ್ಲಿ ಉಳಿದಿದ್ದ ಪರದೆಯನ್ನೂ ಹಗ್ಗಕ್ಕೆ ಹಾಕಿದಳು. ಇಷ್ಟು ವರ್ಷ ತಾನೇ ಕಲಿಸಿದ ಪಾಠ ಅದು. ಮುಂದೆ ದಿಬ್ಬದ ಮೇಲೆ ಕ್ಯಾಮೆರಾಗಳು, ನಡುವೆ ಟೋಪಿ ಹಾಕಿದ ಡೈರೆಕ್ಟರ್. ಸೇಫುದಿನ್ ಕಣ್ಣು ಮುಚ್ಚಿ, ಸಲಿಕೆ ತುಂಬ ಪುಡಿ ಕಲ್ಲಿದ್ದಲನ್ನು ಬೆಂಕಿಗೆ ಸುರಿದ, ಮತ್ತೆ ಸುರಿದ.

ಪರದೇಶದವರು ಚಪ್ಪಾಳೆ ತಟ್ಟಿದರು. ಒಬ್ಬನಂತೂ ಆನಂದಕ್ಕೆ ಕಣ್ಣೊರೆಸಿಕೊಂಡ. ಹೊಗೆ ತಿಳಿಯಾದಾಗ ಹಗ್ಗಗಳ ಮೇಲೆ ಇದ್ದದ್ದೆಲ್ಲ ಮಸಿಬಟ್ಟೆ.

ಹಬ್ಬದ ದಿನ ಸೇಫುದಿನ್ ಹೊಸ ಅಂಗಿ ತೊಟ್ಟು ಬಾಗಿಲಿಗೆ ಮುಖ ಮಾಡಿ ಕೂತ. ಬಕ್ಲಾವಾ ಸಿಹಿಯ ತಟ್ಟೆ ಮುಟ್ಟುವವರಿಲ್ಲದೆ ಹಾಗೇ ಇತ್ತು. ಕೊನೆಗೆ ರುಕಿಯಾ ಬಂದಳು, ಹೊಸ್ತಿಲು ದಾಟಲಿಲ್ಲ.

"ಬೇರೆಯವನು ಮಾಡಿದ್ರೆ ಬೈದು ಸುಮ್ಮನಾಗ್ತಿದ್ವಿ ಸೇಫಣ್ಣ. ನೀನು ಕೂಗಿ ಕೂಗಿ ಮಾಡ್ದೆ."

ಅವಮಾನಕ್ಕಿಂತ ಹೆಚ್ಚಾಗಿ ಸಂಕಟವಾಯಿತು ಅವನಿಗೆ.

ಇಂಜಿನ್ ಉಳಿಯಿತು. ಆ ಹೊಗೆಯ ಫೋಟೋ ಡೈರೆಕ್ಟರನ ಗೋಡೆ ಏರಿತು. ಕ್ಯಾಮೆರಾದವರು ಇಲ್ಲದ ದಿನಗಳಲ್ಲಿ ಸೇಫುದಿನ್ ಈಗಲೂ ತೆಳುವಾಗಿಯೇ ಕಲ್ಲಿದ್ದಲು ಹರಡುತ್ತಾನೆ, ಚಿಮಣಿಯಿಂದ ಹಾಲಿನಂಥ ಉಗಿ ಏಳುತ್ತದೆ. ತಿರುವಿನಲ್ಲಿ ಎರಡು ಗಿಡ್ಡ, ಒಂದು ಉದ್ದ ಕೂಗುತ್ತಾನೆ. ಕಾಲನಿಯ ಹೆಂಗಸರೆಲ್ಲ ಎದ್ದು ಬಟ್ಟೆ ಎಳೆದುಕೊಂಡು ಒಳಗೆ ಓಡುತ್ತಾರೆ. ಎಲ್ಲರಿಗಿಂತ ಮುಂದೆ ಹಾತ್ಕ.