ಶುಲ್ಕ ಕಟ್ಟಿದವರು ಯಾರು

ಅವಳು ಹದಿನೆಂಟು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವಳು. ನಲವತ್ತೊಂದನೆಯ ವಯಸ್ಸಿನಲ್ಲಿ ಲಾರಿ ಓಡಿಸಲು ಕಲಿತಳು. ನನ್ನ ಪಕ್ಕದ ಕೋಣೆಯಲ್ಲೇ ಇದ್ದವಳು, ಹಾಗಾಗಿ ಇದನ್ನೆಲ್ಲ ಅವಳ ಬಾಯಿಂದಲೇ ಕೇಳಿದೆ.

ಕಲಿಸುವ ಶಾಲೆಯಲ್ಲಿ ಅವಳಿಗೆ ರಿವರ್ಸ್ ಅಕ್ಕ ಎಂದು ಹೆಸರು ಬಿತ್ತು. ಹಿಂದೆ ಇನ್ನೊಂದು ಗಾಡಿ ಕೊಂಡಿ ಹಾಕಿದ ಉದ್ದನೆಯ ಲಾರಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ಗೋದಾಮಿನ ಬಾಗಿಲಿಗೆ ತಾಗಿಸಿ ನಿಲ್ಲಿಸುವುದು ಹೊಸಬರಿಗೆ ತಿಂಗಳಾದರೂ ಬಗ್ಗದ ಕೆಲಸ. ಅವಳು ಮೂರನೆಯ ದಿನವೇ ನಿಲ್ಲಿಸಿದಳು. ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು. ಆಸ್ಪತ್ರೆಯಲ್ಲಿ ಎರಡು ತಳ್ಳುಗಾಡಿಗಳನ್ನು ಕೊಂಡಿ ಹಾಕಿ, ಹಾಸಿಗೆ ಬಟ್ಟೆ ತುಂಬಿ, ದಿನಕ್ಕೆ ಇಪ್ಪತ್ತು ಸಲ ಲಿಫ್ಟಿನೊಳಕ್ಕೆ ಹಿಂದು ಹಿಂದಾಗಿ ನೂಕಿದವಳು ಅವಳು. ಹಿಂದಿನ ಗಾಡಿ ಬಲಕ್ಕೆ ಹೋಗಬೇಕಾದರೆ ಮುಂದಿನದನ್ನು ಎಡಕ್ಕೆ ತಿರುಗಿಸಬೇಕು ಎಂಬುದು ಅವಳ ಕೈಗೆ ಗೊತ್ತಿತ್ತು. ದೇವರು ಯಾವ ವಿದ್ಯೆಯನ್ನು ಎಲ್ಲಿ ಕಲಿಸಿಡುತ್ತಾನೋ ನಮಗೆ ತಿಳಿಯುವುದಿಲ್ಲ.

ಶಾಲೆಯ ಶುಲ್ಕ ಕಟ್ಟಿದ್ದು ಅವಳ ಅಣ್ಣ. ಕಿಟಕಿಗೆ ಗಾಜು ಕತ್ತರಿಸಿ ಕೂರಿಸುವ ಅಂಗಡಿ ಅವನದು. ಒಂದು ಸಂಜೆ ಲಕೋಟೆ ತಂದು ಕೈಗಿಟ್ಟು, "ಇಟ್ಕೋ. ವಾಪಸ್ ಕೊಡೋ ಮಾತು ಎತ್ತಿದ್ರೆ ನೋಡು," ಎಂದಿದ್ದ.

ಕೆಲಸ ಸಿಕ್ಕಿದ ಸಾಗಣೆ ಕಂಪನಿಯಲ್ಲಿ ಒಂದು ನಿಯಮವಿತ್ತು. ಹೊಸ ಚಾಲಕರು ಕಲಿಯಲು ಕಟ್ಟಿದ ಶುಲ್ಕವನ್ನು ಕಂಪನಿ ಎರಡು ವರ್ಷದಲ್ಲಿ ಮರಳಿಸುತ್ತದೆ, ತಿಂಗಳಿಗಿಷ್ಟು ಎಂದು ಸಂಬಳದ ಜೊತೆಗೆ. ಕೆಲಸ ಬಿಟ್ಟರೆ ಅದೂ ನಿಲ್ಲುತ್ತದೆ. ಕಂತಿನ ಮೊತ್ತ ಕೇಳಿದ ಕೂಡಲೇ ಅವಳಿಗೆ ನೆನಪಾದದ್ದು ಲಾರಿ ನಿಲ್ಲುವ ಅಂಗಳದ ಹಿಂದಿನ ಎರಡು ಕೋಣೆಯ ಮನೆ. ಈಗಿನ ಬಾಡಿಗೆಗೆ ಆ ಕಂತು ಸೇರಿಸಿದರೆ ಅದು ಸಿಗುತ್ತಿತ್ತು. ಹಾಸ್ಟೆಲಿನಲ್ಲಿರುವ ಮಗಳನ್ನು ಮನೆಗೆ ಕರೆತರಬಹುದಿತ್ತು.

ಅರ್ಜಿಯಲ್ಲಿ ಒಂದು ಪ್ರಶ್ನೆ: ಶುಲ್ಕ ಕಟ್ಟಿದವರು ಯಾರು? ಎದುರಿಗೆ ಖಾಲಿ ಜಾಗ. ಬೇರೆಯವರು ಯೋಚನೆ ಮಾಡದೆ 'ನಾನೇ' ಎಂದು ಬರೆದು ಹೋದರು. ಇವಳು ನಿಧಾನವಾಗಿ, ಗೆರೆ ತಪ್ಪದಂತೆ ಬರೆದಳು: 'ನನ್ನ ಅಣ್ಣ, ಪ್ರೀತಿಯಿಂದ.'

ವಾರದ ನಂತರ ಗುಮಾಸ್ತ ಕರೆಸಿದ.

"ಅಕ್ಕಾ, ಇದೇನು ಮದುವೆ ಉಡುಗೊರೆನಾ, ಪ್ರೀತಿಯಿಂದ ಅಂತ ಬರೆಯೋಕೆ?"

"ನಿಜ ತಾನೆ ಬರೆದಿದ್ದು?"

"ನಿಜಾನೇ ತೊಂದರೆ ಆಗಿರೋದು. ಪುಕ್ಕಟೆ ಬಂದ ದುಡ್ಡನ್ನ ಕಂಪನಿ ವಾಪಸ್ ಕೊಡಲ್ಲ. ನಿಮ್ಮ ಕೈಯಿಂದ ಕಟ್ಟಿರಬೇಕು, ಇಲ್ಲಾ ಸಾಲ ತಂದು ಕಟ್ಟಿರಬೇಕು. ಅಣ್ಣನ ಹತ್ರ ಸಾಲ ಅಂತ ಒಂದು ಪತ್ರ ಬರೆಸ್ಕೊಂಡು ಬನ್ನಿ. ತಿಂಗಳ ಕೊನೆಯೊಳಗೆ. ಆಮೇಲೆ ನನ್ನ ಕೈಲಿ ಏನೂ ಇಲ್ಲ."

ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಸಾಲ ಎಂದರೆ ಕೊಡುತ್ತಾರೆ, ಪ್ರೀತಿ ಎಂದರೆ ಕೊಡುವುದಿಲ್ಲ. ಇದ್ದದ್ದನ್ನು ಇಲ್ಲ ಎಂದು ಬರೆದುಕೊಟ್ಟರೆ ನಿಜವಾಗುತ್ತದೆ. ಎರಡು ದಿನ ಲಾರಿಯಲ್ಲಿ ಒಬ್ಬಳೇ ಇದನ್ನು ತಿರುಗಿಸಿ ಮುರುಗಿಸಿ ನೋಡಿದಳಂತೆ. ಪ್ರಾರ್ಥನೆಗೆ ಕೂತರೂ ಅದೇ.

ಭಾನುವಾರ ಅಣ್ಣನ ಮನೆಗೆ ಹೋದಳು. ಮುಂದಿನ ಕೋಣೆಯೇ ಅಂಗಡಿ. ಅಣ್ಣ ಮೇಜಿನ ಮೇಲೆ ಗಾಜು ಹಾಸಿ ಅಳತೆ ಹಿಡಿಯುತ್ತಿದ್ದ. ಅತ್ತಿಗೆ ಒಳಬಾಗಿಲ ಹತ್ತಿರ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಇವಳು ವಿಷಯ ಹೇಳಿದಳು.

ಅಣ್ಣನ ಮುಖ ಕೆಂಪಾಯಿತು. "ನಾನು ನಿಂಗೆ ಸಾಲ ಕೊಟ್ಟೆ ಅಂತ ಬರೆದು ಕೊಡ್ಬೇಕಾ? ತಂಗಿಗೆ?"

"ಕಾಗದದ ಮೇಲೆ ಅಷ್ಟೇ ಅಣ್ಣಾ."

"ಕಾಗದದ ಮೇಲೆ ಸುಳ್ಳು ಬರೆಯೋ ಅಭ್ಯಾಸ ನಂಗಿಲ್ಲ."

ಅತ್ತಿಗೆ ದಾರ ಕಡಿದು ತಲೆ ಎತ್ತಿದಳು. "ಇದೇನ್ರೀ, ಇದರಲ್ಲಿ ಸುಳ್ಳು ಎಲ್ಲಿ ಬಂತು? ಸಾಲಾನೇ ತಾನೆ? ಬರೆದು ಕೊಡಿ."

ಅತ್ತಿಗೆ ಇವಳ ಕಡೆ ತಿರುಗಿ, ಸಮಾಧಾನದಿಂದಲೇ ಹೇಳಿದಳು, "ಕೆಲಸ ಸಿಕ್ಕ ಮೇಲೆ ಸ್ವಲ್ಪ ಸ್ವಲ್ಪ ಕೊಡ್ತಾಳೆ ಅಂತ ಇವರು ಅವತ್ತೇ ಹೇಳಿದ್ರು. ಅವಸರ ಇಲ್ಲಮ್ಮ. ನಾನು ಒಂದಿನ ಆದ್ರೂ ನಿನ್ನ ಕೇಳಿದೀನಾ?"

ಅಣ್ಣ ಗಾಜಿನ ಮೇಲಿದ್ದ ಅಳತೆಪಟ್ಟಿಯನ್ನೇ ನೋಡುತ್ತ ನಿಂತ. ಅವನ ಕಿವಿಗಳು ಮಾತ್ರ ಕೆಂಪಗಿದ್ದವು.

ಆಗ ಅವಳಿಗೆ ತಿಳಿಯಿತು. ಅಣ್ಣ ಇವಳಿಗೆ ಒಂದು ಹೇಳಿದ್ದಾನೆ, ಹೆಂಡತಿಗೆ ಇನ್ನೊಂದು. ಉಡುಗೊರೆ ಎಂದು ಈಗ ಬಾಯಿ ಬಿಟ್ಟರೆ ಅವನ ಸಂಸಾರದೊಳಗೆ ಕಲ್ಲು ಹಾಕಿದಂತೆ. ಸಾಲ ಎಂದು ಒಪ್ಪಿದರೆ ಕಂಪನಿಯ ಹಣ ಬರುತ್ತದೆ, ಆದರೆ ಬಂದ ಹಾಗೆಯೇ ಈ ಮನೆಗೆ ಹೋಗಬೇಕು. ಎರಡು ಕೋಣೆಯ ಮನೆಯ ಕಿಟಕಿ ಕಣ್ಣ ಮುಂದೆ ಬಂದು ಹೋಯಿತು ಎಂದಳು.

"ಹೌದು ಅತ್ತಿಗೆ," ಎಂದಳು. "ಸಾಲಾನೇ. ಅಣ್ಣ ನನ್ನ ಮರ್ಯಾದೆ ಕಾಯೋಕೆ ಹಾಗಂತಾನೆ. ತಿಂಗಳಿಗೆ ಬಂದಿದ್ದು ಬಂದ ಹಾಗೆ ನಿಮ್ಮ ಕೈಗೆ ತಂದುಕೊಡ್ತೀನಿ."

"ನೋಡಿ, ಅವಳಿಗಿರೋ ಬುದ್ಧಿ ನಿಮಗಿಲ್ಲ," ಎಂದು ಅತ್ತಿಗೆ ಗಂಡನಿಗೆ ಪೆನ್ನು ತಂದುಕೊಟ್ಟಳು. ಗಾಜಿನ ಮೇಲೆ ಕೂದಲೆಳೆಯಷ್ಟೂ ಅಲುಗದ ಕೈ, ಸಹಿ ಹಾಕುವಾಗ ಎರಡು ಸಲ ತಪ್ಪಿತು. ಸಾಕ್ಷಿ ಎಂದು ಅತ್ತಿಗೆಯೂ ಬರೆದಳು, ಬಹಳ ಚೆಂದದ ಅಕ್ಷರದಲ್ಲಿ.

ಅಣ್ಣ ಬೀದಿಯ ತಿರುವಿನವರೆಗೆ ಜೊತೆಗೆ ಬಂದ. "ನಿಂಗೆ ಸುಳ್ಳು ಹೇಳಿದೆ ಅಂದ್ಕೊಂಡ್ಯಾ?" ಎಂದ.

"ಯಾರಿಗೆ ಹೇಳಿದೆ ಅಂತಾನೇ ಇನ್ನೂ ಗೊತ್ತಾಗಿಲ್ಲ ಅಣ್ಣಾ."

"ಕೊಡೋವಾಗ ಕೊಟ್ಟೇ ಬಿಟ್ಟಿದ್ದೆ. ಮನೆಗೆ ಬಂದು ಅವಳ ಮುಖ ನೋಡಿದ ಮೇಲೆ ಬಾಯಲ್ಲಿ ಸಾಲ ಅಂತ ಬಂತು." ಆಮೇಲೆ ಕೇಳಿದ, "ನಿನಗೆ ಆ ದುಡ್ಡು ಬೇಕಿತ್ತಾ?"

"ಇಲ್ಲ," ಎಂದಳು. ಮನೆಯ ಮಾತು ಎತ್ತಲಿಲ್ಲ.

ಮುಂದಿನ ತಿಂಗಳು ಮೊದಲ ಕಂತು ಬಂತು. ಅದನ್ನು ಹಾಗೆಯೇ ಅತ್ತಿಗೆಯ ಕೈಗಿಟ್ಟಳು. ಅತ್ತಿಗೆ ಎಣಿಸದೆ ಡಬ್ಬಿಯಲ್ಲಿಟ್ಟು, ಊಟ ಮಾಡಿಕೊಂಡು ಹೋಗು ಎಂದು ಒತ್ತಾಯ ಮಾಡಿದಳು. ಅಷ್ಟು ಅಕ್ಕರೆಯಿಂದ ಹಿಂದೆಂದೂ ಬಡಿಸಿರಲಿಲ್ಲ. ಅಣ್ಣ ಮಾತ್ರ ಅಂಗಡಿಯಿಂದ ಒಳಗೆ ಬರಲೇ ಇಲ್ಲ.

ರಾತ್ರಿ ಮಗಳು ಹಾಸ್ಟೆಲಿನಿಂದ ಫೋನು ಮಾಡಿದಳು. ಕಂತೆಲ್ಲ ಮಾವನ ಮನೆಗೆ ಹೋಗುತ್ತದೆ, ಈ ವರ್ಷ ಆ ಮನೆ ಆಗುವುದಿಲ್ಲ ಎಂದು ಇವಳು ಹೇಳಬೇಕಾಯಿತು.

"ಮಾವ ಸುಮ್ನೆ ಕೊಟ್ಟಿದ್ದು ಅಂತ ನೀನೇ ಹೇಳಿದ್ಯಲ್ಲಮ್ಮಾ. ಆಮೇಲೆ ಕಂಪನಿ ಕೊಡುತ್ತೆ ಅಂದೆ. ಈಗ ನೀನೇ ಕೊಡ್ತಿದೀಯ. ಕೊನೆಗೆ ನಿನ್ನ ಫೀಸು ಕಟ್ಟಿದ್ದು ಯಾರು?"

ಅವಳ ಉತ್ತರ ಗೋಡೆಯಾಚೆ ನನಗೂ ಕೇಳಿಸಿತು.

"ಯೋಚನೆ ಮಾಡಿ ಹೇಳ್ತೀನಿ, ಮಲಗು," ಎಂದಳು.