ಸಾಮಿಲ್ಲಿನೊಳಗೆ ಮುನ್ನಿ

ಗದಗಿನ ಚಾಂದ್ ಸ್ಟುಡಿಯೊದ ಮುನ್ನಿ ಎಂದರೆ ಆ ಕಡೆಯ ಓಣಿಗಳ ಹೆಂಗಸರಿಗೆಲ್ಲ ಗೊತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಆಕೆ ಕ್ಯಾಮೆರಾ ಮುಟ್ಟಿದವಳಲ್ಲ. ಗಂಡ ಇಮಾಮಹುಸೇನ ಒಬ್ಬನೇ ಸ್ಟುಡಿಯೊ ನಡೆಸುತ್ತಿದ್ದ. ಪಾಸ್‌ಪೋರ್ಟ್ ಫೋಟೊಕ್ಕೆಂದು ಬಂದ ಬುರ್ಖಾದ ಹೆಂಗಸರು ಪರಪುರುಷನೆದುರು ಮುಖ ತೆರೆಯಲು ನಾಚಿ ಬಾಗಿಲಿನಿಂದಲೇ ತಿರುಗಿ ಹೋಗುವರು. ಹೀಗೇ ಒಂದು ದಿನ ಗಿರಾಕಿ ತಿರುಗಿ ಹೋಗುವುದನ್ನು ನೋಡಲಾರದೆ ಆತ ಅಡುಗೆಮನೆಯತ್ತ ಮುಖ ಮಾಡಿ, "ಏ ಇವಳ, ಬಾ ಇಲ್ಲಿ. ಈ ಗುಂಡಿ ಒತ್ತು ಸಾಕು" ಎಂದು ಕರೆದ. ಆಕೆ ಹಿಟ್ಟಿನ ಕೈ ತೊಳೆದು ಬಂದು ಒತ್ತಿದಳು. ಮಾರನೆಯ ದಿನ ಆ ಹೆಂಗಸು ತನ್ನ ಇಬ್ಬರು ನಾದಿನಿಯರನ್ನೂ ಕರೆತಂದಳು.

ಅಲ್ಲಿಂದ ಮುನ್ನಿಯ ಕಸುಬು ಬೆಳೆಯಿತು. ಮೆಹಂದಿಯ ಕೋಣೆ, ನಿಕಾಹದಲ್ಲಿ ಹೆಂಗಸರು ಕೂರುವ ಪರದೆಯ ಆಚೆ, ಬಸುರಿಗೆ ಬಳೆ ತೊಡಿಸುವ ಪಡಸಾಲೆ, ಹೀಗೆ ಗಂಡಸರಿಗೆ ಪ್ರವೇಶವಿಲ್ಲದ ಕಡೆಯೆಲ್ಲ ಆಕೆಯೇ ಬೇಕಾದಳು. ಗಂಡ ಹೊರಗೆ ಗಂಡಸರ ಫೋಟೊ ತೆಗೆದರೆ ಇವಳು ಒಳಗೆ. ಕೂದಲು ಬೆಳ್ಳಗಾಗುವಷ್ಟು ವರ್ಷ ಹಾಗೇ ನಡೆಯಿತು.

ಆಕೆಯ ತವರು ಕಿರವತ್ತಿ. ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಪಕ್ಕದ ಊರು. ಘಟ್ಟ ಹತ್ತುವ ಇಳಿಯುವ ಲಾರಿಗಳು, ಢಾಬಾಗಳು, ಅವುಗಳ ಹಿಂದೆ ಮರ ಕೊಯ್ಯುವ ಮಿಲ್ಲು. ಅಲ್ಲಿ ಅದನ್ನು ಸಾಮಿಲ್ಲು ಎನ್ನುತ್ತಾರೆ. ಮುನ್ನಿಯ ಅಪ್ಪ ಮಕ್ಬೂಲ್ ಆ ಮಿಲ್ಲಿನಲ್ಲಿ ಹೆಡ್ ಮಿಸ್ತ್ರಿಯಾಗಿದ್ದವನು. ಕಾಂಪೌಂಡಿಗೆ ಹೊಂದಿ ಕೆಲಸಗಾರರ ಮನೆಗಳ ಸಾಲು, ಅದರಲ್ಲಿ ಕೊನೆಯದು ಇವರದು. ಹುಟ್ಟಿದಂದಿನಿಂದ ಮದುವೆಯಾಗುವವರೆಗೆ ಗರಗಸದ ಸದ್ದು ಕೇಳಿಕೊಂಡೇ ಬೆಳೆದಳು. ಅದು ನಿಂತರೆ ತೊಟ್ಟಿಲ ಕೂಸುಗಳು ಬೆಚ್ಚಿ ಏಳುತ್ತಿದ್ದವು. ಆದರೆ ಮಿಲ್ಲಿನ ಒಳಗು ಹೇಗಿದೆ ಎಂಬುದನ್ನು ಮಾತ್ರ ಆಕೆ ಕಂಡಿರಲಿಲ್ಲ. ಹೆಣ್ಣುಮಕ್ಕಳು ಗೇಟು ದಾಟುವಂತಿರಲಿಲ್ಲ. ಸೆರಗಾಗಲಿ, ದುಪಟ್ಟಾ ಆಗಲಿ, ಜಡೆಯಾಗಲಿ, ತಿರುಗುವ ಬೆಲ್ಟಿಗೆ ಎಲ್ಲ ಒಂದೇ ಎಂದು ಮಕ್ಬೂಲನೇ ಮಾಡಿದ ಕಟ್ಟಳೆ ಅದು.

ತವರಿಗೆ ಹಬ್ಬಕ್ಕೆ, ಮದುವೆಗೆ, ತಾಯಿ ಬಿಸ್ಮಿಲ್ಲಾ ಬಿ ತೀರಿಕೊಂಡಾಗ ಬಂದುಹೋಗಿದ್ದಳು. ಕ್ಯಾಮೆರಾ ತಂದಿರಲಿಲ್ಲ. ಹೋದ ಚಳಿಗಾಲದಲ್ಲಿ ತಮ್ಮ ಮೊಯಿನ್ ಫೋನಿನಲ್ಲಿ ಅದೂ ಇದೂ ಮಾತಾಡುತ್ತ, "ಹಳೇ ಮಷೀನ್ ತಗದು ಹೊಸಾದು ಹಾಕಸ್ತಾರಂತ. ಶೆಡ್ಡೂ ಬಿಚ್ಚಸ್ತಾರ" ಎಂದ. ಮೊಯಿನ್ ಅದೇ ಮಿಲ್ಲಿನ ಹಲಗೆಗಳನ್ನು ಹುಬ್ಬಳ್ಳಿ ಗದಗಿನ ಕಡೆ ಸಾಗಿಸುವ ಲಾರಿ ಡ್ರೈವರ್. ಮುನ್ನಿಗೆ ಆ ಮಾತು ಯಾಕೋ ಮನಸ್ಸಿನಲ್ಲಿ ಕೂತುಬಿಟ್ಟಿತು. ಲಗ್ನದ ಸೀಸನ್ನು ಇಳಿದ ಮೇಲೆ ಕ್ಯಾಮೆರಾದ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದಳು.

ಮಕ್ಬೂಲನಿಗೆ ಈಗ ಕಿವಿ ಕೇಳುವುದಿಲ್ಲ. ವರ್ಷಗಟ್ಟಲೆ ಗರಗಸದ ಮಗ್ಗುಲಲ್ಲಿ ನಿಂತವರಿಗೆ ಬರುವ ಕಿವುಡು ಅದು. ಮನೆಯವರು ತಮ್ಮೊಳಗೆ ಉರ್ದು ಆಡಿದರೂ ಮುದುಕನ ಹತ್ತಿರ ಕನ್ನಡದಲ್ಲೇ ಕೂಗುತ್ತಾರೆ. ಮಿಲ್ಲಿನ ಜನರ ಕನ್ನಡಕ್ಕೆ ಒಗ್ಗಿದ ಕಿವಿಗೆ ಅದೇ ಅಷ್ಟಿಷ್ಟು ಹಿಡಿಯುತ್ತದೆ. ಇಡೀ ದಿನ ಕಟ್ಟೆಯ ಮೇಲೆ ಕೂತಿರುತ್ತಾನೆ. ಯಾರಾದರೂ ಮಾತಾಡಿಸಿದರೆ ತಲೆ ಆಡಿಸುತ್ತಾನೆ, ಅಷ್ಟೇ. ಮುನ್ನಿಗೆ ಇದರಲ್ಲಿ ಹೊಸತೇನೂ ಇರಲಿಲ್ಲ. ಕಿವಿ ಚೆನ್ನಾಗಿದ್ದಾಗಲೂ ಅಪ್ಪ ಮನೆಯಲ್ಲಿ ಮಾತಾಡಿದವನಲ್ಲ.

ಬಂದ ಮರುದಿನ ಅಪ್ಪನಿಗೆ ಚಹಾ ಕೊಡುತ್ತ ಆಕೆ ಹೇಳಿದಳು: "ಅಬ್ಬಾ, ಮಿಲ್ಲಿನೊಳಗ ಹೋಗಿ ಫೋಟೊ ತಗೀಬೇಕಂತ ಮಾಡೇನಿ."

"ಎಲ್ಲಿಗೆ?"

"ಮಿಲ್ಲಿಗೆ! ಮಿಲ್ಲಿನ ಒಳಗ!"

"ಅಲ್ಲೇನೈತಿ? ಮರ ಐತಿ, ಪುಡಿ ಐತಿ. ಲಗ್ನ ನಡದೈತೇನು ಅಲ್ಲಿ, ಫೋಟೊ ತಗ್ಯಾಕ?"

ಮುನ್ನಿ ನಕ್ಕಳು. ಮಕ್ಬೂಲ್ ನಗಲಿಲ್ಲ. ಚಹಾ ಕುಡಿದು ಲೋಟ ಕೆಳಗಿಟ್ಟು ಆಕೆಯ ದುಪಟ್ಟಾ ನೋಡಿದ, ಜಡೆ ನೋಡಿದ. ಒಳಗೆ ಹೋಗಿ ಮೊಯಿನನ ಖಾಕಿ ಶರ್ಟು, ಲಾರಿ ಓಡಿಸುವಾಗ ಹಾಕುವ ಟೋಪಿ ತಂದು ಆಕೆಯ ಮಡಿಲಿಗೆ ಹಾಕಿ, "ಕೂದಲಾ ಎಲ್ಲಾ ಒಳಗ ಸೇರಸು. ನಾನೂ ಬರ್ತೇನಿ" ಎಂದ.

ಮಿಲ್ಲಿನ ಮಾಲೀಕರು ಸದಾಶಿವ. ಅವರ ತಂದೆಯ ಕಾಲದಲ್ಲಿ ಮಕ್ಬೂಲ್ ಕೆಲಸಕ್ಕೆ ಸೇರಿದ್ದು. ಖಾಕಿ ಶರ್ಟಿನ ಹೆಂಗಸನ್ನೂ ಪಕ್ಕದಲ್ಲಿ ಕೋಲೂರಿ ನಿಂತ ಹಳೆಯ ಮಿಸ್ತ್ರಿಯನ್ನೂ ಗೇಟಿನಲ್ಲಿ ಕಂಡು ಅವರು ಎದ್ದೇ ಬಂದರು.

"ಬರ್ರಿ ಅಕ್ಕಾರ, ಬರ್ರಿ. ಫೋಟೊ ತಗೀಲಿಕ್ಕೆ ಕೇಳೂದೇನದ? ಆದ್ರ ಮಷೀನಿನ ಹತ್ರ ಮಾತ್ರ ಬ್ಯಾಡ" ಎಂದು ಸುಣ್ಣದ ತುಂಡಿನಿಂದ ನೆಲದ ಮೇಲೆ ಒಂದು ಗೆರೆ ಎಳೆದು, "ಇದನ್ನ ದಾಟಬ್ಯಾಡ್ರಿ" ಎಂದರು.

ಒಳಗೆ ಕಾಲಿಟ್ಟಾಗ ಮೊದಲು ಆಕೆಗೆ ಏನೂ ಕಾಣಲಿಲ್ಲ. ಕತ್ತಲೆಗೆ ಕಣ್ಣು ಹೊಂದಿದ ಮೇಲೆ ತಗಡಿನ ಮಾಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದಿರುವುದು ಕಂಡಿತು. ಅದರಲ್ಲಿ ಮರದ ಪುಡಿ ಹೊಗೆಯಂತೆ ಆಡುತ್ತಿತ್ತು. ತೊಲೆಗಳಿಗೂ ವಯರುಗಳಿಗೂ ಗೋಡೆಯ ಗಣಪತಿ ಕ್ಯಾಲೆಂಡರಿಗೂ ಒಂದೇ ಹಳದಿ ಬಣ್ಣ ಕೂತಿತ್ತು. ನಡುವೆ ಆಳೆತ್ತರದ ಎರಡು ಗಾಲಿಗಳ ಮೇಲೆ ಗರಗಸದ ಪಟ್ಟಿ ಓಡುತ್ತಿತ್ತು. ದಿಮ್ಮಿಯನ್ನು ಹೊತ್ತ ಟ್ರಾಲಿ ಅದರತ್ತ ಸರಿದು ಪಟ್ಟಿಗೆ ತಾಗಿದಾಗ ಎದ್ದ ಸದ್ದು, ಮನೆಯಲ್ಲಿ ಕೂತು ಕೇಳುತ್ತಿದ್ದ ಸದ್ದೇ ಆದರೂ, ಇಲ್ಲಿ ಅದು ಎದೆಗೂಡಿನೊಳಗೇ ಹೊಕ್ಕಂತಾಯಿತು. ಮುನ್ನಿ ಗೆರೆಯ ಈಚೆಗೆ ನಿಂತು ಕ್ಯಾಮೆರಾ ಎತ್ತಿದಳು.

ಈಗಿನ ಮಿಸ್ತ್ರಿ ಸಂಗಯ್ಯ ಬನವಾಸಿ ಕಡೆಯವನು. ಕ್ಯಾಮೆರಾ ತನ್ನತ್ತ ತಿರುಗಿದ್ದು ಕಂಡದ್ದೇ ಕೈ ಎತ್ತಿದ. ಮಷೀನು ನಿಂತಿತು. ಅವನು ಸೀದಾ ನಳದ ಹತ್ತಿರ ಹೋಗಿ ಮುಖ ತೊಳೆದು, ತಲೆ ಬಾಚಿ, ಮೊಳೆಗೆ ತೂಗುಹಾಕಿದ್ದ ಬಿಳಿ ಅಂಗಿ ತೊಟ್ಟು, ವಿಭೂತಿ ಸರಿಮಾಡಿಕೊಂಡು ಬಂದು ನಿಂತ.

"ಹಂಗಲ್ಲಣ್ಣಾ," ಎಂದಳು ಮುನ್ನಿ. "ನೀವು ಕೆಲಸಾ ಮಾಡೂವಾಗ ಹೆಂಗಿರ್ತೀರಿ ಹಂಗ ಇರ್ರಿ. ಅದ ಚಂದ."

"ಅಕ್ಕಾರ, ದಿನಾ ಇದ್ದದ್ದ ಐತಲ್ಲ ಆ ಅವತಾರ. ಫೋಟೊದಾಗಾದ್ರೂ ಮನಶಾನ್ಹಂಗ ಕಾಣೂಣು ಬಿಡ್ರಿ."

ಮುನ್ನಿ ಕ್ಯಾಮೆರಾ ಕೆಳಗಿಳಿಸಿದಳು. ತನ್ನ ಸ್ಟುಡಿಯೊಕ್ಕೆ ಬಂದವರಿಗೆ ಆಕೆ ಎಂದೂ ಇದ್ದ ಹಾಗೇ ಇರಿ ಎಂದಿರಲಿಲ್ಲ. ಕನ್ನಡಿ, ಬಾಚಣಿಗೆ, ಪೌಡರಿನ ಡಬ್ಬಿಯನ್ನು ತಾನೇ ಮುಂದೆ ಸರಿಸುವವಳು. ಇವರು ಮಾತ್ರ ಯಾಕೆ ಪುಡಿ ಮೆತ್ತಿಕೊಂಡೇ ನಿಲ್ಲಬೇಕು? ಹೊಸ ಹಲಗೆಗಳ ಅಟ್ಟಿಯನ್ನು ಹಿಂದಿಟ್ಟುಕೊಂಡು ಸಂಗಯ್ಯನನ್ನು ನಿಲ್ಲಿಸಿ, ಕಾಲರು ಸರಿಮಾಡಿಕೊಳ್ಳಲು ಹೇಳಿ, ಸ್ಟುಡಿಯೊದಲ್ಲಿ ತೆಗೆಯುವಷ್ಟೇ ಕಾಳಜಿಯಿಂದ ತೆಗೆದಳು. ಉಳಿದವರೂ ನಳಕ್ಕೆ ಸಾಲು ಹಚ್ಚಿದರು. ದಿಮ್ಮಿ ಹೊರಳಿಸುವ ಕೆರಿಯ ಮಾತ್ರ ಮುಖ ತೊಳೆಯಲಿಲ್ಲ. ಅವನು ಮಕ್ಬೂಲನ ಕಾಲದಿಂದಲೂ ಇದ್ದವನು. ಅಂಗಳದಲ್ಲಿದ್ದ ಎಲ್ಲಕ್ಕಿಂತ ದಪ್ಪನೆಯ ಮತ್ತಿ ಮರದ ದಿಮ್ಮಿಯ ಮೇಲೆ ಒಂದು ಕಾಲಿಟ್ಟು, ಹುಲಿ ಹೊಡೆದವನ ಹಾಗೆ ಸೊಂಟಕ್ಕೆ ಕೈ ಕೊಟ್ಟು ನಿಂತು, "ಹೂಂ, ತೆಗೀರಿ" ಎಂದ.

ಮಷೀನು ಮತ್ತೆ ಶುರುವಾಯಿತು. ಅಪ್ಪ ಎಲ್ಲಿ ಎಂದು ಮುನ್ನಿ ಸುತ್ತ ನೋಡಿದಳು. ಅವನು ಕೋಲನ್ನು ಗೋಡೆಗೆ ಒರಗಿಸಿ ಟ್ರಾಲಿಯ ಹಳಿಯ ಪಕ್ಕ ನಿಂತಿದ್ದ. ನಿಂತಿದ್ದ ಎಂದರೆ ಸುಮ್ಮನೆ ನಿಂತಿರಲಿಲ್ಲ, ಮಾತಾಡುತ್ತಿದ್ದ. ಕೈಯಲ್ಲಿ. ಶೆಡ್ಡಿನ ಆ ತುದಿಯಲ್ಲಿದ್ದ ಕೆರಿಯನಿಗೆ ಬೆರಳು ಮಡಚಿ ಏನೋ ಕೇಳಿದ. ಕೆರಿಯ ಮೊಣಕಾಲು ತಟ್ಟಿ, ಆಕಾಶ ತೋರಿಸಿ, ಅಂಗೈ ಮಗುಚಿದ. ಮಕ್ಬೂಲ್ ಹಣೆ ಚಚ್ಚಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಗಯ್ಯ ಬ್ಲೇಡಿನಿಂದ ಕಣ್ಣು ತೆಗೆಯದೆಯೇ ಎಡಗೈ ಎತ್ತಿ ಇನ್ನೇನೋ ಸೇರಿಸಿದ. ಮೂವರೂ ನಕ್ಕರು.

ಗರಗಸ ಓಡುತ್ತಿರುವಾಗ ಅಲ್ಲಿ ಎಲ್ಲರೂ ಕಿವುಡರೇ. ಅವರವರಲ್ಲೇ ಬೆಳೆದುಬಂದ ಕೈಸನ್ನೆಯ ಮಾತೊಂದಿತ್ತು, ಮುನ್ನಿಯ ಅಪ್ಪ ಆ ಮಾತಿನಲ್ಲಿ ದೊಡ್ಡ ವಾಚಾಳಿ. ಕಟ್ಟೆಯ ಮೇಲೆ ಕಲ್ಲಿನ ಹಾಗೆ ಕೂರುವ ಮನುಷ್ಯ ಇವನೇನಾ ಎಂದು ಆಕೆ ನೋಡುತ್ತಲೇ ಇದ್ದಳು. ನೋಡುತ್ತ ಕ್ಯಾಮೆರಾದ ಗುಂಡಿ ಒತ್ತುತ್ತಲೂ ಇದ್ದಳು.

ಸ್ವಲ್ಪ ಹೊತ್ತಿಗೆ ಕೆರಿಯ ಎರಡೂ ಮುಷ್ಟಿಗಳನ್ನು ಕಿವಿಗಳ ಪಕ್ಕ ಹಿಡಿದು, ಜಡೆ ಜಗ್ಗಿದಂತೆ ಕೆಳಗಿಳಿಸಿದ. ಸಂಗಯ್ಯ ತಲೆ ಆಡಿಸಿ ಮಷೀನು ನಿಲ್ಲಿಸಿದ. ಎಲ್ಲರೂ ತಮ್ಮ ಬುತ್ತಿಗಳತ್ತ ನಡೆದರು.

"ಅದೇನಣ್ಣಾ, ಈಗ ಹಿಂಗ ಮಾಡಿದ್ನಲ್ಲ?" ಎಂದು ಮುನ್ನಿ ಸಂಗಯ್ಯನನ್ನು ಕೇಳಿದಳು.

"ಅದಾ? ಊಟದ ಹೊತ್ತಾತು ಅಂತ್ರಿ."

"ಊಟಕ್ಕ ಎರಡು ಜಡಿ ಯಾಕ?"

"ಅದನ್ನ ನಾ ಹೆಂಗ ಹೇಳ್ಲಿ ಅಕ್ಕಾರ? ನಾ ಬಂದಾಗಿನಿಂದ ಹಂಗ ಐತಿ."

ಬುತ್ತಿ ಬಿಚ್ಚುತ್ತಿದ್ದ ಕೆರಿಯ ನಗತೊಡಗಿದ. "ಗೊತ್ತಿಲ್ಲೇನು ನಿನಗ? ಆ ಜಡಿ ಇವ್ರದ. ಸಣ್ಣಾಕಿ ಇದ್ದಾಗ ದಿನಾ ಎರಡು ಜಡಿ ಹಾಕ್ಕೊಂಡು ಮಿಸ್ತ್ರಿಗೆ ರೊಟ್ಟಿ ತರ್ತಿದ್ರು. ಈ ಹುಡುಗಿ ಗೇಟಿಗೆ ಬಂತು ಅಂದ್ರ ನಮಗೆಲ್ಲಾ ಊಟದ ಹೊತ್ತು. ಗೇಟಿನಾಗಿದ್ದಾಂವ ಹಿಂಗ ಮಾಡಾಂವ, ಅವನ್ನ ನೋಡಿ ದಿಮ್ಮಿ ಹತ್ರ ಇದ್ದ ನಾ ಮಾಡಾಂವ, ನನ್ನ ನೋಡಿ ಮಿಸ್ತ್ರಿ ಮಷೀನ್ ಬಂದ್ ಮಾಡಾಂವ."

ಮುನ್ನಿ ಅಪ್ಪನತ್ತ ತಿರುಗಿ ಕೂಗಿದಳು: "ಅಬ್ಬಾ, ನಾ ಗೇಟಿನಾಗ ನಿಂತು ಕರದಿದ್ದು ನಿನಗ ಕೇಳಸ್ತಿತ್ತು ಅಂತ ತಿಳಕೊಂಡಿದ್ದೆ!"

ಮಷೀನು ನಿಂತ ಮೌನದಲ್ಲಿ ಆಕೆಯ ಕೂಗು ಮಾಡಿಗೆ ಬಡಿದು ತಿರುಗಿ ಬಂತು. ಮಕ್ಬೂಲನಿಗೂ ಕೇಳಿಸಿತು.

"ಆ ಗದ್ದಲದಾಗ? ಗಂಟಲಾ ಹರಕೊಂಡ್ರೂ ಕೇಳಾಂಗಿಲ್ಲ. ನೀ ಒದರತಿದ್ದಿ ಅನ್ನೂದು ನನಗ ಈಗ ಗೊತ್ತಾತು" ಎಂದ ಅವನು.

ಎಲ್ಲರೂ ನಕ್ಕರು. ಮುನ್ನಿಯೂ ನಕ್ಕಳು. ಆಮೇಲೆ ಟೋಪಿ ತೆಗೆದು, ಅಪ್ಪನ ಪಕ್ಕ ಹಲಗೆಯ ಮೇಲೆ ಕೂತು ಅವರ ಜೊತೆಯಲ್ಲೇ ರೊಟ್ಟಿ ತಿಂದಳು. ತನ್ನನ್ನು ಕಂಡೇ ಇರದ ಎಷ್ಟೋ ಜನ ದಿನವೂ ತನ್ನ ಜಡೆ ಹಿಡಿದೆಳೆದು ಊಟಕ್ಕೆ ಎದ್ದಿದ್ದಾರೆ ಎಂಬುದು ಆಕೆಗೆ ವಿಚಿತ್ರವೆನಿಸಿತು, ಹಿತವೂ ಅನಿಸಿತು.

ಮರಳಿ ಹೋಗುವ ದಿನ ಅಪ್ಪನದೊಂದು ಒಳ್ಳೆಯ ಫೋಟೊ ಇರಲಿ ಎಂದು ಅಂಗಳದಲ್ಲಿ ಚಾದರ ಕಟ್ಟಿ ಕುರ್ಚಿ ಹಾಕಿದಳು. ಮಕ್ಬೂಲ್ ಕೋಟು ತೊಟ್ಟು ಕೂತ. ಅಷ್ಟರಲ್ಲಿ ಪಕ್ಕದ ಮನೆಯ ಗುರುಶಾಂತವ್ವ ಹೊಸ ಸೀರೆಯುಟ್ಟು ಬಂದು, "ನಂದೂ ಒಂದು ತಗೀಯವಾ" ಎಂದಳು. ಆಕೆಯ ಹಿಂದೆ ಸಾಲಿನ ಮನೆಗಳ ಹೆಂಗಸರೆಲ್ಲ. ಬಸ್ಸು ತಪ್ಪಿತು. ಮೊಯಿನನೇ ಲಾರಿಯಲ್ಲಿ ಹುಬ್ಬಳ್ಳಿಯವರೆಗೆ ಬಿಟ್ಟುಬಂದ.

ಆದರೆ ಹೊರಡುವ ಮೊದಲು ಆಕೆ ಅಪ್ಪನ ಎದುರು ಕೂತು ಒಂದಿಷ್ಟು ಸನ್ನೆ ಕಲಿತಿದ್ದಳು. ಚಹಾ, ನೀರು, ನಮಾಜು, ಮೈ ಹುಷಾರಿಲ್ಲ, ಸಿಟ್ಟು ಬಂದಿದೆ. ಮೊಯಿನನ ಹೆಂಡತಿಯೂ ಮಕ್ಕಳೂ ಸುತ್ತ ಕೂತು ಕಲಿತರು. ಮುಂಚೆ ಗದಗಿನಿಂದ ಫೋನು ಮಾಡಿದರೆ ಅಪ್ಪನಿಗೆ ಕೊಡುವುದೇ ವ್ಯರ್ಥವಾಗಿತ್ತು. ಈಗ ವಿಡಿಯೊ ಕಾಲಿನಲ್ಲಿ ಇಬ್ಬರೂ ಕೈಯಾಡಿಸುತ್ತಾರೆ. ಹೊಸ ಮಷೀನು ಬಂದದ್ದನ್ನು ಮಕ್ಬೂಲನೇ ಹಾಗೆ ತಿಳಿಸಿದ. ಅದರ ಬಗ್ಗೆ ಅವನ ಅಭಿಪ್ರಾಯ ಅಷ್ಟೇನೂ ಒಳ್ಳೆಯದಿರಲಿಲ್ಲ ಎಂಬುದು ಆಕೆಗೆ ಅವನ ಬೆರಳುಗಳಿಂದಲೇ ಅರ್ಥವಾಯಿತು.

ಫೋಟೊಗಳನ್ನು ಪ್ರಿಂಟು ಹಾಕಿಸಿ ಮೊಯಿನನ ಕೈಯಲ್ಲಿ ಕಳಿಸಿದಳು. ಬಿಳಿ ಅಂಗಿಯ ಫೋಟೊ ಸಂಗಯ್ಯನ ಮನೆಯ ಗೋಡೆ ಸೇರಿತು. ಸದಾಶಿವರು ಹಳೆಯ ಮಷೀನಿನದನ್ನು ದೊಡ್ಡದು ಮಾಡಿಸಿ ಆಫೀಸಿನಲ್ಲಿ ಹಾಕಿಕೊಂಡರು. ಮಕ್ಬೂಲ್ ತಾನು ಕೈಯೆತ್ತಿ ನಗುತ್ತಿರುವ ಫೋಟೊವನ್ನು ಬಹಳ ಹೊತ್ತು ನೋಡಿ, ಕೋಟಿನದೇ ಚೆನ್ನಾಗಿದೆ ಎಂದನಂತೆ. ಆದರೆ ಎರಡನ್ನೂ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾನೆಂದು ಮೊಯಿನ್ ಹೇಳಿದ.

ದಿಮ್ಮಿಯ ಮೇಲೆ ಕಾಲಿಟ್ಟ ಕೆರಿಯನ ಫೋಟೊ ಮಾತ್ರ ಚಾಂದ್ ಸ್ಟುಡಿಯೊದ ಮುಂದಿನ ಗಾಜಿನಲ್ಲಿ, ಮದುವಣಗಿತ್ತಿಯರ ಫೋಟೊಗಳ ನಡುವೆ ಕೂತಿತು. ನೋಡಿದವರು ಯಾರಿದು ಎಂದು ಕೇಳಿದರೆ ಮುನ್ನಿ, "ನಮ್ಮ ಊರಿನವ್ರು" ಎನ್ನುತ್ತಾಳೆ. ಮೊನ್ನೆ ವರನ ತಾಯಿಯೊಬ್ಬಳು ಅದನ್ನು ತೋರಿಸಿ, "ನಮ್ಮ ಹುಡುಗಂದೂ ಹಿಂಗ ಒಂದು ತಗೀರಿ" ಎಂದು ಹಟ ಹಿಡಿದಳು.

"ದಿಮ್ಮಿ ಎಲ್ಲಿಂದ ತರೂಣು?" ಎಂದು ಇಮಾಮಹುಸೇನ ತಲೆ ಕೆರೆದುಕೊಂಡ.

"ಮೊಯಿನಗ ಹೇಳ್ತೇನಿ. ಲಾರಿ ಹೆಂಗೂ ಈ ಕಡಿ ಬರ್ತೈತಿ" ಎಂದಳು ಮುನ್ನಿ.

ಹಾಗೆ ಬಂದ ಮತ್ತಿಯ ತುಂಡು ಈಗ ಸ್ಟುಡಿಯೊದ ಮೂಲೆಯಲ್ಲಿದೆ. ವರ ಅದರ ಮೇಲೆ ಬೂಟುಗಾಲಿಟ್ಟು ಫೋಟೊ ತೆಗೆಸಿಕೊಂಡು ಹೋದ. ಉಳಿದ ಹೊತ್ತಿನಲ್ಲಿ, ತಾಯಂದಿರ ಜೊತೆ ಬಂದ ಮಕ್ಕಳು ಅದರ ಮೇಲೆ ಕೂತು ಕಾಲಾಡಿಸುತ್ತ ತಮ್ಮ ಸರದಿ ಕಾಯುತ್ತವೆ.